ತೂಕಕ್ಕೆ ಹಾಕುವ ಮೊದಲು ಒಂದ್ಸಲ ಬಿಚ್ಚಿ ನೋಡಿ

ಬೆಳಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ, ಬರೆದೇ ಬಿಡುತ್ತೇನೆ. ಇವತ್ತು ನಮ್ಮ ಬಡಾವಣೆಯ ಪಾರ್ಕ್ ಪಕ್ಕ ಇ-ತ್ಯಾಜ್ಯ, ಅಂದರೆ ಹಾಳಾದ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನಿನ ಸಂಗ್ರಹ ಇತ್ತು. ಶಾಮಿಯಾನ, ಮೈಕು, ತೂಕದ ಮೆಷಿನ್, 'ಸರ್ಕ್ಯುಲರ್ ಎಕಾನಮಿ' ಅಂತ ದೊಡ್ಡಕ್ಷರದ ಬ್ಯಾನರ್, ಎಲ್ಲಾ ಇತ್ತು. ಜನ ಸಾಲಲ್ಲಿ ನಿಂತು ಮನೆಯ ಕೆಟ್ಟ ಸಾಮಾನು ತಂದು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರೋರಾತ್ರಿ ಖಾಲಿ ಸೈಟಿನಲ್ಲಿ ಎಸೆಯದೆ ಇಲ್ಲಿಯವರೆಗೆ ಹೊತ್ತು ತಂದರಲ್ಲ, ಅದು ದೊಡ್ಡ ವಿಷಯ. ನನ್ನ ಸಂಕಟ ಬೇರೆ. ಆ ರಾಶಿಯಲ್ಲಿ ಎಷ್ಟೋ ಸಾಮಾನಿಗೆ ಇನ್ನೂ ಜೀವ ಇತ್ತು. ಅದನ್ನು ನೋಡಲು ಅಲ್ಲಿ ಒಬ್ಬರೂ ಇರಲಿಲ್ಲ.

ನಿಮಗೆಲ್ಲ ಗೊತ್ತು, ನಾನು ಅರಸೀಕೆರೆಯಲ್ಲಿ ಅಪ್ಪನ ರೇಡಿಯೋ-ಟೀವಿ ರಿಪೇರಿ ಅಂಗಡಿಯಲ್ಲೇ ಬೆಳೆದವಳು. ಕೆಟ್ಟ ಟೀವಿ ಕಂಡರೆ ಸುಮ್ನೆ ಹೋಗಲು ನನ್ನಿಂದ ಆಗುವುದಿಲ್ಲ. ಹಿರಿಯರೊಬ್ಬರು ಆಗಷ್ಟೇ ತೂಕ ಹಾಕಿಸಿದ 32 ಇಂಚಿನ ಎಲ್‌ಇಡಿ ಟೀವಿ ಹಿಡಿದು ನಿಂತಿದ್ದರು. "ಏನಾಗಿದೆ ಅಂಕಲ್?" ಅಂದೆ. "ಸೌಂಡ್ ಬರುತ್ತಮ್ಮ, ಪಿಕ್ಚರ್ ಬರಲ್ಲ. ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳೋದೇ ವಾಸಿ ಅಂದ್ರು" ಅಂದರು. ಮೈಕಿನವರ ಪ್ಲಗ್ ಬೋರ್ಡಿಗೆ ಟೀವಿ ಹಾಕಿಸಿದೆ. ಪರದೆ ಕಪ್ಪಗೇ ಇತ್ತು. ಮೊಬೈಲ್ ಟಾರ್ಚ್ ಹಚ್ಚಿ ಗಾಜಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿದಾಗ, ಒಳಗೆ ಮಸುಕಾಗಿ 'ನೋ ಸಿಗ್ನಲ್' ಅನ್ನುವ ಅಕ್ಷರ ಓಡಾಡುತ್ತಿತ್ತು. ಅಂದರೆ ಚಿತ್ರ ಮೂಡಿಸುವ ಪ್ಯಾನೆಲ್ ಕೆಲಸ ಮಾಡುತ್ತಿದೆ, ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಹೋಗಿದೆ. ಪುಟ್ಟ ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಹೆಚ್ಚಾಗಿ ಅದರಲ್ಲಿ ಒಂದು ಸುಟ್ಟರೂ ಇಡೀ ಸಾಲು ಆರಿಹೋಗುತ್ತದೆ. ಆ ಎಲ್‌ಇಡಿ ಪಟ್ಟಿ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಹೊಸ ಟೀವಿ ಬೆಲೆಯ ಮುಂದೆ ಅದೊಂದು ಲೆಕ್ಕವೇ ಅಲ್ಲ. ಪ್ಯಾನೆಲ್ ಎತ್ತುವಾಗ ಕೈ ಹುಷಾರಾಗಿರಬೇಕು ಅಷ್ಟೇ.

ಅಂಕಲ್ ಮುಖ ಅರಳಿತು. ವಾಪಸ್ ಮನೆಗೆ ಒಯ್ಯುತ್ತೇನೆ ಅಂದರು. ಅಲ್ಲಿದ್ದ ಹುಡುಗ ಬಿಡಲಿಲ್ಲ. "ತೂಕ ಎಂಟ್ರಿ ಆಗೋಯ್ತು ಆಂಟಿ, ವಾಪಸ್ ಕೊಡೋಕೆ ಬರಲ್ಲ" ಅಂದ. ಪಾಪ, ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು. ಆಮೇಲೆ ರಾಶಿಯಲ್ಲಿ ಏನೇನು ಕಂಡೆ ಅಂತ ಕೇಳಿ. ಜಾರ್ ತಿರುಗಿಸುವ ಕಪ್ಲರ್‌ನ ಹಲ್ಲು ಸವೆದ ಮಿಕ್ಸಿ. ಮೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಮುಗಿದ ಇನ್ನೊಂದು ಮಿಕ್ಸಿ. ನಿಧಾನಕ್ಕೆ ತಿರುಗುತ್ತದೆ ಅಂತ ಕೊಟ್ಟ ಸೀಲಿಂಗ್ ಫ್ಯಾನ್, ಅದಕ್ಕೆ ಬೇಕಿದ್ದದ್ದು ಬಹುಶಃ ಒಂದು ಕೆಪಾಸಿಟರ್. ಬ್ಯಾಟರಿ ಮಾತ್ರ ಸತ್ತ ಯುಪಿಎಸ್.

ನನ್ನ ದೂರು ಇಷ್ಟೇ: ನಾವು ಎಲ್ಲವನ್ನೂ ಕೆಜಿಯಲ್ಲಿ ಲೆಕ್ಕ ಹಾಕುತ್ತಿದ್ದೇವೆ. ಸಂಜೆ ಮೈಕಿನಲ್ಲಿ ಇಷ್ಟು ಕೆಜಿ ಸಂಗ್ರಹವಾಯಿತು ಅಂತ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಆ ಟೀವಿ ಸರಿಯಾಗಿ ಮನೆಗೆ ಹೋಗಿದ್ದರೆ ಲೆಕ್ಕದಲ್ಲಿ ನಾಲ್ಕೈದು ಕೆಜಿ ಕಡಿಮೆ ಆಗುತ್ತಿತ್ತು. ಒಳ್ಳೆಯ ಕೆಲಸ ಮಾಡಿದರೆ ಲೆಕ್ಕ ಇಳಿಯುತ್ತದೆ ಅಂದರೆ ಆ ಲೆಕ್ಕದಲ್ಲೇ ಏನೋ ತಪ್ಪಿದೆ, ಅಲ್ವಾ?

ಇದು ನಮ್ಮ ಬಡಾವಣೆಯ ಕಥೆ ಮಾತ್ರ ಅಲ್ಲ. ದೇಶದ ಈಗಿನ ಇ-ತ್ಯಾಜ್ಯ ನಿಯಮ 2022ರಲ್ಲಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನು ತಯಾರಿಸಿ ಮಾರುವ ಕಂಪನಿಗಳು, ಹಿಂದೆ ಮಾರಿ ಈಗ ಆಯಸ್ಸು ಮುಗಿದ ಸಾಮಾನಿನ ತೂಕದಲ್ಲಿ ಮೊದಲೆರಡು ವರ್ಷ ಶೇ. 60, ಆಮೇಲೆರಡು ವರ್ಷ ಶೇ. 70, 2027-28ರಿಂದ ಶೇ. 80ರಷ್ಟು ರೀಸೈಕಲ್ ಮಾಡಿಸಬೇಕು. ನೋಂದಾಯಿತ ರೀಸೈಕ್ಲರ್‌ಗಳಿಂದ ಅದಕ್ಕೆ ಪ್ರಮಾಣಪತ್ರ ಕೊಳ್ಳುತ್ತಾರೆ. ಆ ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ಹೊರಬಂತು ಅನ್ನುವುದರ ಮೇಲೆ. ಅಲ್ಲೂ ತೂಕವೇ.

ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತಾ ಬೇಕು. ದೆಹಲಿಯ ಸೀಲಂಪುರದಂಥ ಕಡೆ ಬರಿಗೈಯಲ್ಲಿ ಬೋರ್ಡ್ ಒಡೆದು, ತಾಮ್ರಕ್ಕಾಗಿ ವೈರ್ ಸುಟ್ಟು, ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದಿ ಬದುಕುವವರಿದ್ದಾರೆ. ಪಿವಿಸಿ ಪ್ಲಾಸ್ಟಿಕ್ ಹೊದಿಕೆಯ ವೈರ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಅನ್ನುವ ವಿಷ ಇರುತ್ತದೆ, ಹಳೆ ಡಬ್ಬಾ ಟೀವಿಯ ಗಾಜಿನಲ್ಲಿ ಸೀಸ ಇರುತ್ತದೆ. ಇದೆಲ್ಲ ಸರಿಯಾದ ಕಾರ್ಖಾನೆಗೇ ಹೋಗಬೇಕು. ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಇಂಥ ಕಾರ್ಖಾನೆ 2005ರಲ್ಲೇ ಶುರುವಾಗಿದ್ದು ನಮ್ಮ ರಾಜ್ಯಕ್ಕೆ ಹೆಮ್ಮೆ. 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6 ಕೋಟಿ 20 ಲಕ್ಷ ಟನ್, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ರೀಸೈಕಲ್ ಮಾಡಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಮಿಕ್ಕಿದ್ದು ಎಲ್ಲೆಲ್ಲಿ ಸೇರಿತೋ.

ಆದರೆ ಒಳ್ಳೆಯ ಕಾರ್ಖಾನೆಯಿಂದಲೂ ರೀಸೈಕಲ್ ಆಗಿ ವಾಪಸ್ ಬರುವುದು ಲೋಹ, ಪ್ಲಾಸ್ಟಿಕ್, ಗಾಜಿನಂಥ ಕಚ್ಚಾ ವಸ್ತು ಮಾತ್ರ. ಚಿಪ್ ಚಿಪ್ ಆಗಿ ಬರುವುದಿಲ್ಲ. ಅದನ್ನು ಮಾಡಲು ಸುರಿದ ನೀರು, ಕರೆಂಟು, ಕೆಲಸ ಎಲ್ಲಾ ಹೋಯಿತು. ಒಂದು ಸ್ಮಾರ್ಟ್‌ಫೋನ್ ತನ್ನ ಆಯಸ್ಸಿನಲ್ಲಿ ಉಂಟುಮಾಡುವ ಕಾರ್ಬನ್ ಹೊಗೆಯ ಬಹುಪಾಲು ಅದು ನಮ್ಮ ಕೈಗೆ ಬರುವ ಮೊದಲೇ, ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಸೀರೆಗೆ ತೂತು ಬಿದ್ದರೆ ರಫು ಮಾಡಿಸುತ್ತೇವೆ, ಇಡೀ ಸೀರೆ ಬಿಚ್ಚಿ ನೂಲು ತೂಗುವುದಿಲ್ಲ. ಟೀವಿಗೆ ಮಾತ್ರ ಯಾಕೆ ಹೀಗೆ?

ಹಳೆಯದನ್ನು ಇಟ್ಟುಕೊಂಡರೆ ಕರೆಂಟ್ ಜಾಸ್ತಿ ತಿನ್ನುತ್ತದೆ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಇಪ್ಪತ್ತು ವರ್ಷದ ಫ್ರಿಜ್ ಬಗ್ಗೆ ಅದು ನಿಜ, ಕೊಟ್ಟುಬಿಡಿ, ಗ್ಯಾಸ್ ಸೋರದ ಹಾಗೆ ಬಿಚ್ಚುವವರಿಗೇ ಕೊಡಿ. ನಾಲ್ಕು ವರ್ಷದ ಎಲ್‌ಇಡಿ ಟೀವಿಗೆ ಆ ಮಾತು ಅನ್ವಯಿಸುವುದಿಲ್ಲ, ಮಿಕ್ಸಿಗಂತೂ ಮೊದಲೇ ಇಲ್ಲ. ನೀರು ಹೋಗಬಾರದು ಅಂತ ಫೋನಿಗೆ ಅಂಟು ಹಾಕುತ್ತಾರೆ, ಅದಕ್ಕೇ ಬ್ಯಾಟರಿ ಬದಲಿಸುವುದು ಕಷ್ಟ ಅಂತ ಇನ್ನೊಂದು ವಾದ. ಸರಿ, ಅಂಟು ಇರಲಿ. ಬಿಡಿಭಾಗ ಕೊಡಲು ಏನು ಅಡ್ಡಿ? ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳಿಗೆ, ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಸಿಗಲೇಬೇಕು ಅಂತ ಕಾನೂನು ಇದೆ. ಅದೇ ಕಂಪನಿಗಳು ಇಲ್ಲೂ ಫೋನ್ ಮಾರುತ್ತವೆ. ಅಲ್ಲಿ ಆಗುವುದು ಇಲ್ಲಿ ಆಗುವುದಿಲ್ಲವಾ? ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲೇ 'ರೈಟ್ ಟು ರಿಪೇರ್', ಅಂದರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಪೋರ್ಟಲ್ ಇದ್ದರೆ ಸಾಲದು. ಕೊಡಲೇಬೇಕು ಅನ್ನುವ ಕಾನೂನು ಬೇಕು.

ಅಪ್ಪ ಅಂಗಡಿ ಮುಚ್ಚಿದ್ದು ಕೆಲಸ ಬಾರದೆ ಅಲ್ಲ. ಹಳೆ ಟೀವಿ, ರೇಡಿಯೋಗಳ ಜೊತೆ ಸರ್ಕ್ಯೂಟ್ ಚಿತ್ರ ಬರುತ್ತಿತ್ತು, ಎಷ್ಟೋ ಸೆಟ್‌ಗಳಲ್ಲಿ ಹಿಂದಿನ ಮುಚ್ಚಳದ ಒಳಗೇ ಅಂಟಿಸಿರುತ್ತಿದ್ದರು. ಅಪ್ಪ ಅವನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದರು. ಚಪ್ಪಟೆ ಟೀವಿ ಬಂದ ಮೇಲೆ ಚಿತ್ರ ಬರುವುದು ನಿಂತಿತು, ಕಂಪನಿಗಳಿಗೆ ಫೋನ್ ಮಾಡಿದರೆ ಅಧಿಕೃತ ಸರ್ವಿಸ್ ಸೆಂಟರ್‌ಗೆ ಮಾತ್ರ ಕೊಡುತ್ತೇವೆ ಅನ್ನುತ್ತಿದ್ದರು. ಅಷ್ಟು ವರ್ಷ ಕಲಿತ ಕೈಯನ್ನು ಒಂದು ಕಾಗದ ಕೊಡದೆ ಕೂರಿಸಿಬಿಟ್ಟರು. ಆ ನೋವು ನನಗೆ ಇನ್ನೂ ಹೋಗಿಲ್ಲ, ಇವತ್ತಿನ ಸಿಟ್ಟಿನಲ್ಲಿ ಅದೂ ಸೇರಿದೆ, ಮುಚ್ಚಿಡುವುದಿಲ್ಲ.

2022ರ ನಿಯಮದಲ್ಲಿ ಹಳೆಯದನ್ನು ಸರಿಮಾಡಿ ಮತ್ತೆ ಬಳಕೆಗೆ ಕೊಡುವವರಿಗೂ ಜಾಗ ಇದೆ, ಪ್ರಮಾಣಪತ್ರವೂ ಇದೆ. ಆದರೆ ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು, ರಿಟರ್ನ್ ಸಲ್ಲಿಸುತ್ತಿರಬೇಕು. ಬಸ್ ಸ್ಟ್ಯಾಂಡ್ ಪಕ್ಕದ ಆರಡಿ ಅಂಗಡಿಯಲ್ಲಿ ಒಬ್ಬರೇ ಕೂತು ದಿನವಿಡೀ ಸೋಲ್ಡರಿಂಗ್ ಮಾಡುವವರಿಗೆ ಇದೆಲ್ಲ ಆಗುತ್ತದಾ? ಅವರು ಉಳಿಸಿದ ಒಂದೊಂದು ಮಿಕ್ಸಿಯೂ ಯಾವ ಪಟ್ಟಿಗೂ ಸೇರುವುದಿಲ್ಲ. ಸಾಯಿಸಿದ್ದಕ್ಕೆ ಲೆಕ್ಕ ಇದೆ, ಬದುಕಿಸಿದ್ದಕ್ಕೆ ಇಲ್ಲ. ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗುತ್ತಿಲ್ಲ.

ನಮ್ಮ ಸಂಘದ ಅಧ್ಯಕ್ಷರ ಹತ್ತಿರ ಮಧ್ಯಾಹ್ನವೇ ಮಾತಾಡಿದ್ದೇನೆ. ಮುಂದಿನ ಸಲ ತೂಕದ ಮೆಷಿನ್‌ಗಿಂತ ಮೊದಲು ಒಂದು ರಿಪೇರಿ ಟೇಬಲ್ ಹಾಕುತ್ತೇವೆ. ಅಲ್ಲಿ ನೋಡಿ ಆಗುವುದಿಲ್ಲ ಅಂದದ್ದು ಮಾತ್ರ ತೂಕಕ್ಕೆ. ಟೀವಿ, ಮಿಕ್ಸಿ, ಫ್ಯಾನ್ ಬಿಚ್ಚಬಲ್ಲ ಮೆಕ್ಯಾನಿಕ್‌ಗಳು ವಿಜಯನಗರ, ನಾಗರಬಾವಿ ಕಡೆ ಗೊತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಸೇವೆ ಅಂತ ಬಿಟ್ಟಿ ಮಾಡಿಸುವುದಿಲ್ಲ, ದಿನದ ಕೂಲಿ ಪೂರ್ತಿ ಕೊಡುತ್ತೇವೆ, ಅದಕ್ಕೆ ಮನೆಗೆ ಇಷ್ಟು ಅಂತ ಚಂದಾ ಎತ್ತಲು ಅಧ್ಯಕ್ಷರು ಒಪ್ಪಿದ್ದಾರೆ. ಉಬ್ಬಿದ ಬ್ಯಾಟರಿ ಇರುವ ಫೋನ್ ಮಾತ್ರ ಟೇಬಲ್‌ಗೆ ತರಬೇಡಿ, ಚುಚ್ಚಿದರೆ ಬೆಂಕಿ ಹತ್ತುತ್ತದೆ. ಅದಕ್ಕೆ ಮರಳು ತುಂಬಿದ ಬಕೆಟ್ ಬೇರೆ ಇಡುತ್ತೇವೆ.