ಎಫ್ ಕೀಲಿಯ ಮೇಲಿನ ಗೆರೆ

ನನಗೂ ಕಣ್ಣು ಕಾಣಲ್ಲ, ಕಾಣದ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡ್ತೀನಿ ಅಂದ ತಕ್ಷಣ ಎಲ್ಲರದ್ದೂ ಒಂದೇ ಪ್ರಶ್ನೆ: "ಟೈಪ್ ಹೇಗೆ ಮಾಡ್ತಾರೆ ಸಾರ್?" ಅಯ್ಯೋ, ಅದೇ ಸಲೀಸು. ಎಫ್ ಮತ್ತು ಜೆ ಕೀಲಿ ಸವರಿ ನೋಡಿ, ಒಂದೊಂದು ಪುಟ್ಟ ಉಬ್ಬುಗೆರೆ ಸಿಗುತ್ತೆ. ಬೆರಳು ಅಲ್ಲಿ ಕೂತರೆ ಉಳಿದ ಕೀಲಿಗಳು ತಾವಾಗೇ ಸಿಕ್ಕುತ್ತವೆ. ಕನ್ನಡ ಟೈಪಿಂಗ್‌ಗೆ ಕೆ.ಪಿ. ರಾವ್ ಮಾಡಿದ ಕೀಲಿಮಣೆ ವಿನ್ಯಾಸದಲ್ಲಂತೂ ಒತ್ತಕ್ಷರ ಕೊಡೋ ಕೀಲಿಯೇ ಆ ಎಫ್. ಎ, ಕೆ, ಎಫ್, ಕೆ ಒತ್ತಿದ್ರೆ 'ಅಕ್ಕ'. ಕನ್ನಡದ ಒತ್ತೆಲ್ಲ ಆ ಗೆರೆಯ ಕೆಳಗೇ ಇದೆ ಅಂತ ಮಕ್ಕಳಿಗೆ ಹೇಳ್ತಿರ್ತೀನಿ.

ಕಷ್ಟ ಇರೋದು ಬೇರೆ ಕಡೆ. ನಮ್ಮಲ್ಲಿ ವರ್ಡ್ ಕಲಿಸೋದೇ ಕಣ್ಣಿಂದ. "ಮೇಲೆ ಎಡಗಡೆ ಕ್ಲಿಕ್ ಮಾಡಿ", "ಆ ನೀಲಿ ಗುರುತು ಒತ್ತಿ". ಕಳೆದ ತಿಂಗಳು ಬಂದ ಹುಡುಗಿಯೊಬ್ಬಳು ರಜಾ ಅರ್ಜಿ ಟೈಪ್ ಮಾಡ್ತಿದ್ಲು. ಶೀರ್ಷಿಕೆ ಮಧ್ಯಕ್ಕೆ ಬರಲಿ ಅಂತ ಸ್ಪೇಸ್ ಬಾರ್ ಒತ್ತಿದ್ದೇ ಒತ್ತಿದ್ದು. ಇಪ್ಪತ್ತೆರಡು ಸಲ ಒತ್ತಬೇಕು ಅಂತ ಯಾರೋ ಎಣಿಸಿ ಹೇಳಿಕೊಟ್ಟಿದ್ರಂತೆ, ಪಾಪ. ಫಾಂಟ್ ಬದಲಾದ್ರೆ ಆ ಲೆಕ್ಕ ಗೋವಿಂದ. ಕಂಟ್ರೋಲ್ ಜೊತೆ ಇ ಒತ್ತಿಸಿದೆ, ಸಾಲು ತಾನಾಗೇ ಮಧ್ಯಕ್ಕೆ ಬಂತು. ಆಮೇಲೆ ಇನ್ಸರ್ಟ್ ಜೊತೆ ಎಫ್. ಫಾಂಟು, ಅಳತೆ, ಸಾಲು ಮಧ್ಯದಲ್ಲಿದೆ ಅನ್ನೋದು, ಎಲ್ಲ ಎನ್‌ವಿಡಿಎ, ಅಂದ್ರೆ ಪರದೆಯಲ್ಲಿರೋದನ್ನ ದನಿಯಲ್ಲಿ ಓದೋ ನಮ್ಮ ಸ್ಕ್ರೀನ್ ರೀಡರ್, ಓದಿ ಹೇಳ್ತು. ಎರಡು ಕ್ಷಣ ಸುಮ್ಮನಿದ್ದವಳು ಕೇಳಿದ್ಲು, "ಹಾಗಾದ್ರೆ ಮಧ್ಯ ಎಲ್ಲಿದೆ ಅಂತ ನಾನು ಹುಡುಕಬೇಕಾಗೇ ಇಲ್ವಾ ಸರ್?"

ಇಲ್ಲ ಕಣಮ್ಮ. ಕಣ್ಣಿದ್ದವರೂ ಹುಡುಕಬೇಕಾಗಿಲ್ಲ, ಆದ್ರೂ ಹುಡುಕ್ತಾರೆ. ಅಕ್ಷರ ದಪ್ಪ ಮಾಡಿ, ಗಾತ್ರ ಹದಿನೆಂಟಕ್ಕೆ ಏರಿಸಿ ಅದನ್ನೇ ಶೀರ್ಷಿಕೆ ಅಂತಾರೆ. ಸ್ಕ್ರೀನ್ ರೀಡರ್ ಪಾಲಿಗೆ ಅದು ಶೀರ್ಷಿಕೆಯಲ್ಲ, ದಪ್ಪಗಾದ ಇನ್ನೊಂದು ಸಾಲು ಅಷ್ಟೇ. ಕಂಟ್ರೋಲ್, ಆಲ್ಟ್, 1 ಒತ್ತಿ ಅದನ್ನ ನಿಜವಾದ ಶೀರ್ಷಿಕೆ ಮಾಡಿದ್ದಾದ್ರೆ, ಟೈಪ್ ಮಾಡದೆ ಬರೀ ಓದಿಕೊಂಡು ಹೋಗೋ ಬ್ರೌಸ್ ಮೋಡ್‌ನಲ್ಲಿ ಎಚ್ ಒತ್ತುತ್ತಾ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು. ಇಲ್ಲದಿದ್ರೆ ನಲವತ್ತು ಪುಟದಲ್ಲಿ ಒಂದು ಅಂಶ ಹುಡುಕೋಕೆ ಬಾಣದ ಕೀಲಿ ಸವೆಸಬೇಕು.

ಎನ್‌ವಿಡಿಎ ವಿಷಯಕ್ಕೆ ಬಂದೆ ಅಂತ ಹೇಳ್ತೀನಿ: ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣಲ್ಲ. ಪೂರ್ತಿ ಉಚಿತ. ದುಡ್ಡು ಕೊಟ್ಟು ಕೊಳ್ಳೋ ಸ್ಕ್ರೀನ್ ರೀಡರ್‌ಗಳನ್ನೇ ನಂಬಿದ್ದಿದ್ರೆ ನನ್ನ ಮಕ್ಕಳಲ್ಲಿ ಮುಕ್ಕಾಲು ಜನ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಅದರ ಜೊತೆ ಬರೋ ಇ-ಸ್ಪೀಕ್ ಅನ್ನೋ ಓದುವ ತಂತ್ರಾಂಶದ ಕನ್ನಡ ದನಿ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತೆ, ನಿಜ. ಒಂದು ವಾರ ಕಿರಿಕಿರಿ. ಆಮೇಲೆ ಅದನ್ನೇ ಓಡಿಸಿ ಓಡಿಸಿ ಕೇಳ್ತಾರೆ, ಪಕ್ಕದಲ್ಲಿದ್ದವರಿಗೆ ಒಂದಕ್ಷರವೂ ತಿಳಿಯಲ್ಲ. ಶ ಮತ್ತು ಷ ವ್ಯತ್ಯಾಸ ಮಾತ್ರ ಆ ದನಿಯಲ್ಲಿ ನನ್ನ ಕಿವಿಗೆ ಗೊತ್ತಾಗಲ್ಲ. (ಕಣ್ಣಿದ್ದವರ ಪೋಸ್ಟ್‌ಗಳಲ್ಲೂ ಗೊತ್ತಾಗಲ್ಲ, ಬಿಡಿ.)

ನನ್ನ ನಿಜವಾದ ಸಿಟ್ಟು ಹಳೇ ಆಸ್ಕಿ ಫಾಂಟಿನ ಮೇಲೆ. ಅದರಲ್ಲಿ ಬರೆದದ್ದು ಪರದೆಯ ಮೇಲೆ ಕನ್ನಡದಂತೆ ಕಾಣುತ್ತೆ, ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ನುಡಿ' ಅನ್ನೋ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದ 'ಕನ್ನಡ' ಪದದ ಮೇಲೆ ಒಂದೊಂದೇ ಅಕ್ಷರವಾಗಿ ಹೋಗಿ, "ಪಿ, ಎ ಗ್ರೇವ್, ಪೌಂಡ್..." ಅಂತ ಕೇಳುತ್ತೆ. ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಕೊಡೋ ಯೂನಿಕೋಡ್ ಇಲ್ಲದ ಕಾಲಕ್ಕೆ ಆ ಫಾಂಟುಗಳೇ ಕನ್ನಡವನ್ನ ಕಾಪಾಡಿದವು, ಅದರ ಬಗ್ಗೆ ತಕರಾರಿಲ್ಲ. ಇವತ್ತು ನುಡಿಯಲ್ಲೇ ಯೂನಿಕೋಡ್ ಇದೆಯಲ್ಲ, ಆಮೇಲೂ ಯಾಕೆ?

ಕೆಲವು ವರ್ಷದ ಹಿಂದೆ ಒಂದು ಕಚೇರಿಯಿಂದ ಮೇಲ್‌ನಲ್ಲಿ ಅಂಥದ್ದೇ ಒಂದು ಪತ್ರ ಬಂತು. ಫೋನ್ ಮಾಡಿ, "ಸ್ವಾಮಿ, ಓದೋಕೆ ಆಗ್ತಿಲ್ಲ, ಯೂನಿಕೋಡ್‌ನಲ್ಲಿ ಕಳಿಸ್ತೀರಾ?" ಅಂದೆ.

"ಅಕ್ಷರ ಸಣ್ಣದಾಯ್ತಾ ಸಾರ್?"

"ಇಲ್ಲ, ನನಗೆ ಕಣ್ಣು ಕಾಣಲ್ಲ. ಕಂಪ್ಯೂಟರೇ ಓದಿ ಹೇಳ್ಬೇಕು."

"ಓ, ಅಷ್ಟೇನಾ! ಚಿಂತೆ ಬೇಡ, ಪ್ರಿಂಟ್ ತೆಗೆದು ಪೋಸ್ಟ್ ಮಾಡ್ತೀವಿ."

ಮಾಡಿದ್ರು. ನಾಲ್ಕೇ ದಿನಕ್ಕೆ ಬಂತು, ರಿಜಿಸ್ಟರ್ಡ್ ಪೋಸ್ಟ್.