ಕಾರ್ಬ್ ಬದಲಾಯಿಸು ಅಂತ ನಾನು ಯಾವಾಗ ಹೇಳಿದೆ?

ಗ್ಯಾರೇಜಿನಲ್ಲಿ ಗಾಡಿ ಬಿಟ್ಟು ಬರುವಾಗ ಮೆಕ್ಯಾನಿಕ್‌ಗೆ ನಾನು ಹೇಳಿದ್ದು ಒಂದೇ ಮಾತು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿಲ್ಲ, ಯಾಕೆ ಅಂತ ನೋಡು. ಅಷ್ಟೇ. ವಾಪಸ್ ತರೋಕೆ ಹೋದರೆ ನನ್ನ ಎಪ್ಪತ್ತರ ದಶಕದ ಎರಡು ಸ್ಟ್ರೋಕ್ ಬೈಕು ಯೆಜ್ಡಿ 250ರಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಜಿಕೋವ್ ಕಂಪನಿಯ ಕಾರ್ಬೊರೇಟರೇ ಇಲ್ಲ! ಅದರ ಜಾಗದಲ್ಲಿ ಯಾವುದೋ ನಾಲ್ಕು ಸ್ಟ್ರೋಕ್ ಬೈಕಿನ ಕಾರ್ಬ್ ಕೂತಿದೆ. ಅದು ಕೂರಲಿ ಅಂತ ಮಧ್ಯದಲ್ಲಿ ಲೇತಿನಲ್ಲಿ ಕೊರೆದ ಒಂದು ಅಲ್ಯೂಮಿನಿಯಂ ಪ್ಲೇಟು, ಉದ್ದ ಸಾಲದ ಕೇಬಲ್‌ಗೆ ಇನ್ನೊಂದು ಕೇಬಲ್ಲಿನ ಗಂಟು, ಫಿಲ್ಟರಿನ ರಬ್ಬರ್ ಪೈಪು ಹಿಡಿಯದೆ ಅದಕ್ಕೊಂದು ಕ್ಲಾಂಪು. "ಹಳೇದು ಪೂರ್ತಿ ಸವೆದು ಹೋಗಿತ್ತು ಸಾರ್, ಹೊಸದು ಹಾಕಿದೀನಿ, ಮೈಲೇಜೂ ಬರುತ್ತೆ" ಅಂತ ನಗುತ್ತಾ ಹೇಳಿದ. ತಲೆನೋವು ಅಂತ ಹೋದವನ ಹಲ್ಲು ಕಿತ್ತು ಬಿಲ್ಲು ಕೊಟ್ಟ ಹಾಗೆ.

ಸರಿ, ಹಳೇದು ಎಲ್ಲಪ್ಪಾ ಅಂದರೆ, "ಗುಜರಿ ಡಬ್ಬದಲ್ಲಿ ಇರಬೇಕು ಸಾರ್, ಹುಡುಗ ಹುಡುಕಿ ಇಟ್ಟಿರ್ತಾನೆ." ಆ ಹುಡುಗ ಇವತ್ತಿನವರೆಗೂ ಹುಡುಕುತ್ತಲೇ ಇದ್ದಾನೆ. ಫೋನ್ ಮಾಡಿದರೆ ಊರಿಗೆ ಹೋಗಿದ್ದಾನೆ ಅನ್ನೋ ಉತ್ತರ, ನೇರವಾಗಿ ಹೋದರೆ "ಅದನ್ನ ಇಟ್ಕೊಂಡು ಏನು ಮಾಡ್ತೀರ ಸಾರ್, ಸುಮ್ನೆ" ಅನ್ನೋ ಬುದ್ಧಿವಾದ. ಕೆಲಸಕ್ಕೆ ಬಾರದ ಮಾಲು ಅಲ್ವಾ ಅದು? ಹಾಗಾದರೆ ಶಿವಾಜಿನಗರದ ಹಳೇ ಸ್ಪೇರ್ ಅಂಗಡಿಗಳಲ್ಲಿ ಒಂದು ಒರಿಜಿನಲ್ ಜಿಕೋವ್ ಕೇಳಿ ನೋಡಿ. ನಿಮ್ಮ ಮುಖ ನೋಡಿ, ಕೈಲಿರೋ ಫೋನ್ ನೋಡಿ, ಆಮೇಲೆ ಬಾಯಿಗೆ ಬಂದ ರೇಟು ಹೇಳುತ್ತಾರೆ. ನನ್ನ ಗಾಡಿಯಲ್ಲಿದ್ದಾಗ ಗುಜರಿ, ಇನ್ನೊಬ್ಬರ ಅಂಗಡಿಯಲ್ಲಿ ನೇತಾಡುವಾಗ ಚಿನ್ನ. ಅದು ಅಲ್ಲಿಗೆ ಹೇಗೆ ನಡೆದುಕೊಂಡು ಹೋಗುತ್ತೆ ಅಂತ ಮಾತ್ರ ಯಾರೂ ಹೇಳಲ್ಲ.

ಅದಕ್ಕಿಂತ ಜಾಸ್ತಿ ಉರಿಯೋ ವಿಷಯ ಇನ್ನೊಂದಿದೆ. ಕಾರ್ಬ್ ಬದಲಾಯಿಸಿದ ಮೇಲೂ ರೇಸ್ ಇಳಿಯಲಿಲ್ಲ! ಮೊದಲಿಗಿಂತ ಕೆಟ್ಟಿತು. ನಿಂತಲ್ಲಿಂದ ಎಳೆದರೆ ಎಂಜಿನ್ ಮುಗ್ಗರಿಸುತ್ತೆ, ಸ್ಪೀಡ್ ಹಿಡಿದರೆ ಬಿಸಿಯಾಗುತ್ತೆ, ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ ಬಳಿದಷ್ಟು ಬಿಳಿ. ಕಾಫಿ ಬಣ್ಣ ಇರಬೇಕಾದ ಪ್ಲಗ್ ಬಿಳಿ ಆಗಿದೆ ಅಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗುತ್ತಿದೆ. ನಾಲ್ಕು ಸ್ಟ್ರೋಕಿನಲ್ಲಾದರೆ ಆಯಿಲ್ ಬೇರೆ ದಾರಿಯಲ್ಲಿ ಬರುತ್ತೆ, ಸ್ವಲ್ಪ ತಡೆದುಕೊಳ್ಳುತ್ತೆ. ನನ್ನದು ಪೆಟ್ರೋಲಿಗೇ ಲೀಟರಿಗೆ 40 ಎಂಎಲ್ ಆಯಿಲ್ ಬೆರೆಸಿ ಓಡಿಸೋ ಗಾಡಿ. ಪೆಟ್ರೋಲ್ ಕಡಿಮೆ ಆದರೆ ಆಯಿಲೂ ಕಡಿಮೆ. ಹೈವೇಯಲ್ಲಿ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಲಾಕ್ ಆಗಿದ್ದರೆ ಆ ಮೈಲೇಜ್ ತಗೊಂಡು ನಾನು ಏನು ಮಾಡಬೇಕಿತ್ತು?

ಕೊನೆಗೆ ಮೈಸೂರಿಗೆ ತಗೊಂಡು ಹೋದೆ. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದ ಊರು, ಅಲ್ಲಿ ಈ ಗಾಡಿ ಗೊತ್ತಿರೋ ಹಳಬರು ಇನ್ನೂ ಇದ್ದಾರೆ. ಅಲ್ಲೊಬ್ಬ ಹಿರಿಯ ಮೆಕ್ಯಾನಿಕ್ ಕಾರ್ಬ್ ಕಡೆ ತಿರುಗಿಯೂ ನೋಡಲಿಲ್ಲ. ಬಲಗಡೆ ಕವರ್ ತೆಗೆದು, ಡೈನಮೋ ಕಳಚಿ, ಹಿಂದಿದ್ದ ಕ್ರ್ಯಾಂಕ್ ಆಯಿಲ್ ಸೀಲ್, ಅಂದರೆ ಎಂಜಿನ್ನಿನ ತಿರುಗೋ ದಂಡದ ಸುತ್ತ ಗಾಳಿ ನುಗ್ಗದ ಹಾಗೆ ಹಾಕಿರೋ ರಬ್ಬರ್ ಬಳೆ ತೋರಿಸಿದರು. ರಬ್ಬರ್ ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದಲೇ ಗಾಳಿ ಎಳೆಯುತ್ತಿದ್ದದ್ದು. ಈ ಕಡೆಯ ಸೀಲ್ ಹೋದರೆ ಗಾಳಿ ಬರುತ್ತೆ, ರೇಸ್ ಏರುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಬಂದು ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಎರಡು ಸ್ಟ್ರೋಕ್ ಗಾಡಿಯಲ್ಲಿ ಇದು ಅ ಆ ಇ ಈ ಅಲ್ವಾ? ಇಷ್ಟು ನೋಡದೆ ಸ್ಪಾನರ್ ಹಿಡಿದು ಕಾರ್ಬಿಗೆ ಕೈ ಹಾಕೋ ಧೈರ್ಯ ಎಲ್ಲಿಂದ ಬರುತ್ತೋ! ಹೊಸ ಸೀಲ್ ಎಷ್ಟು ಅಂತ ಹೇಳಿದರೆ ನನಗೇ ನಾಚಿಕೆ. ಆ ಅಲ್ಯೂಮಿನಿಯಂ ಪ್ಲೇಟಿಗೆ ಕೊಟ್ಟ ದುಡ್ಡಿಗೆ ಸೀಲಿನ ಒಂದು ಕಟ್ಟೇ ಬರುತ್ತಿತ್ತು.

ಜಿಕೋವ್ ದೊಡ್ಡ ದೇವರು ಅಂತ ನಾನು ಹೇಳುತ್ತಿಲ್ಲ. ಸತುವಿನ ಮಿಶ್ರಲೋಹದ ಬಾಡಿ, ಸವೆಯುತ್ತೆ. ಗಾಳಿಯ ದಾರಿ ತೆರೆದು ಮುಚ್ಚೋ ಸ್ಲೈಡ್ ಲೂಸ್ ಆಗಿ ಕಟಕಟ ಅನ್ನುತ್ತೆ. ಯಾರೋ ಬಲ ಪ್ರದರ್ಶನ ಮಾಡಿ ಎರಡು ನಟ್ ಬಿಗಿದರೆ ಎಂಜಿನ್‌ಗೆ ಕೂರೋ ಚಪ್ಪಟೆ ಅಂಚು, ಅಂದರೆ ಫ್ಲಾಂಜ್ ಬಾಗುತ್ತೆ, ಅಲ್ಲಿಂದಲೂ ಗಾಳಿ ಬರುತ್ತೆ. ಆದರೆ ಇದಕ್ಕೆಲ್ಲ ದಾರಿ ಇದೆ. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಉಜ್ಜಿದರೆ ಫ್ಲಾಂಜ್ ಮಟ್ಟ ಆಗುತ್ತೆ. ಗೊತ್ತಿರೋ ಲೇತಿನವನು ಸ್ಲೈಡ್ ಸರಿ ಮಾಡಿಕೊಡುತ್ತಾನೆ. ಬಾಕಿ ಇರೋದು ಏನು? ಪೆಟ್ರೋಲ್ ಮಟ್ಟ ಹಿಡಿಯೋ ಫ್ಲೋಟು, ಫ್ಲೋಟ್ ಪಿನ್ನು, ನೀಡಲ್ ಅನ್ನೋ ಒಂದು ಸೂಜಿ, ಪೆಟ್ರೋಲ್ ಹಾಯೋ ಸಣ್ಣ ತೂತಿನ ಎರಡು ಹಿತ್ತಾಳೆ ಜೆಟ್ಟು. ರಸ್ತೆ ಬದಿಯಲ್ಲಿ ಕೂತು ಬಿಚ್ಚಿ, ಊದಿ, ಕಟ್ಟಿ ಹೊರಡಬಹುದು. ಬೆಳಿಗ್ಗೆ ಚಳಿಗೆ ಕಾರ್ಬಿಗೆ ಪೆಟ್ರೋಲ್ ತುಂಬಿಸೋ ಟಿಕ್ಲರ್ ಗುಂಡಿ ಒತ್ತಿ, ಪೆಟ್ರೋಲ್ ಕೈಗೆ ಸೋಕಿದ ಮೇಲೆ ಕಿಕ್ ಹೊಡೆದರೆ ಡುಗ್ ಡುಗ್ ಅಂತ ಎದ್ದೇಳೋ ಗಾಡಿಗೆ ಈಗ ಚೋಕ್ ಎಳೆದು ಕಾಯೋ ಗತಿ ಬಂದಿದೆ.

ನಾಲ್ಕು ಸ್ಟ್ರೋಕಿನ ಕಾರ್ಬ್ ಹಾಗೇ ತಂದು ಇಲ್ಲಿ ಕೂರಿಸಿದರೆ ನಡೆಯಲ್ಲ ಅನ್ನೋದಕ್ಕೆ ಕಾರಣವೂ ಗುಟ್ಟಿನದೇನಲ್ಲ. ಅದರ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರು ಎಳೆಯುತ್ತೆ, ನನ್ನದು ಪ್ರತಿ ಸುತ್ತಿಗೂ. ನೀಡಲ್ಲಿನ ಇಳಿಜಾರು, ಸ್ಲೈಡಿನ ಕತ್ತರಿಕೆ, ಜೆಟ್ ಸೈಜು ಎಲ್ಲ ಬೇರೆ. ಕೂರಿಸಲೇಬೇಕು ಅಂದರೆ ಜೆಟ್ ಬದಲಾಯಿಸಿ, ಓಡಿಸಿ, ಪ್ಲಗ್ ಬಿಚ್ಚಿ ನೋಡಿ, ಮತ್ತೆ ಬದಲಾಯಿಸಿ, ಹೀಗೆ ಕೂತು ಮಾಡಬೇಕು. ಹಾಗೆ ಮಾಡಿಸಿಕೊಂಡು ಹಳೇ ಕಾರ್ಬ್ ಡಬ್ಬದಲ್ಲಿ ಜೋಪಾನ ಮಾಡಿರೋ ಗೆಳೆಯರು ನನಗೂ ಇದ್ದಾರೆ, ಅವರ ಮೇಲೆ ನನಗೆ ಕೋಪ ಇಲ್ಲ. ಕೇಳದೆ ಕಿತ್ತು ಹಾಕೋರ ಮೇಲೆ ಕೋಪ.

ಇದಕ್ಕೆಲ್ಲ ಪೆಟ್ರೋಲ್ ಬೇರೆ ಜೊತೆಯಾಗಿದೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಕೊಟ್ಟರು. ಈಗ ಹೆಚ್ಚುಕಡಿಮೆ ಎಲ್ಲಿ ಹಾಕಿಸಿದರೂ ಅದೇ, ಶೇಕಡಾ 20 ಎಥನಾಲ್. ಎಥನಾಲ್ ಉರಿಯೋಕೆ ಗಾಳಿ ಕಡಿಮೆ ಸಾಕು, ಹಾಗಾಗಿ ಹಳೇ ಜೆಟ್ಟಿನಲ್ಲಿ ಓಡಿಸಿದರೆ ಎಂಜಿನ್‌ಗೆ ಗಾಳಿ ಹೆಚ್ಚಾಗುತ್ತೆ. ಅದು ನೀರನ್ನೂ ಹೀರುತ್ತೆ, ಗಾಡಿ ನಿಲ್ಲಿಸಿಟ್ಟರೆ ಫ್ಲೋಟ್ ಬಟ್ಟಲಲ್ಲಿ ಬಿಳಿ ಪುಡಿ ಕೂರುತ್ತೆ, ಹಳೇ ರಬ್ಬರ್ ಉಬ್ಬುತ್ತೆ. ಆದರೆ ಜಿಕೋವಿನಲ್ಲಿ ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ನೀಡಲ್ ಮೇಲೇಳುತ್ತೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುತ್ತೆ. ಸಾಲದಿದ್ದರೆ ದೊಡ್ಡ ಜೆಟ್. ಐದು ನಿಮಿಷದ ಕೆಲಸ. ಇದನ್ನು ಮಾಡೋಕೆ ಬರದವರೇ "ಇ20ಗೆ ಹಳೇ ಕಾರ್ಬ್ ಆಗಲ್ಲ ಸಾರ್" ಅಂತ ಹೊಸ ರಾಗ ಶುರು ಮಾಡಿದ್ದಾರೆ.

ಗ್ಯಾರೇಜ್ ಹುಡುಗರದ್ದೂ ಪೂರ್ತಿ ತಪ್ಪಲ್ಲ ಅಂತ ಒಂದೊಂದು ಸಲ ಅನಿಸುತ್ತೆ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡೋ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಗಾಡಿಗಳಿಗೆ ಕಾರ್ಬ್ ಬದಲು ಫ್ಯುಯೆಲ್ ಇಂಜೆಕ್ಷನ್. ಸ್ಕ್ಯಾನರ್ ಚುಚ್ಚು, ಕೋಡ್ ಓದು, ಪಾರ್ಟ್ ಬದಲಾಯಿಸು. ಪ್ಲಗ್ಗಿನ ಕಿಡಿಯ ಸಮಯ ನೋಡಿಕೊಳ್ಳೋ ಪಾಯಿಂಟಿನ ಗ್ಯಾಪ್ 0.4 ಮಿ.ಮೀ ಇದೆಯಾ ಅಂತ ಗೇಜ್ ಹಾಕಿ ನೋಡೋದನ್ನು ಅವರಿಗೆ ಯಾರು ಕಲಿಸಬೇಕು? ಗೊತ್ತಿಲ್ಲದಿರೋದು ತಪ್ಪಲ್ಲ. ಗೊತ್ತಿಲ್ಲ ಅಂತ ಹೇಳದೆ ಗಾಡಿ ಒಳಗೆ ತಗೊಳ್ಳೋದು, ಆಮೇಲೆ ಬಿಚ್ಚಿದ್ದನ್ನು ವಾಪಸ್ ಕೊಡದಿರೋದು, ಇದಕ್ಕೆ ಏನು ಹೇಳೋಣ?

ಡೂಪ್ಲಿಕೇಟ್ ಜಿಕೋವ್ ಸಿಗುತ್ತಲ್ಲ ಅಂತೀರಾ? ಸಿಗುತ್ತೆ. ತರಿಸಿ ನೋಡಿದ್ದೇನೆ. ಪಾಲಿಶ್ ಫಳಫಳ, ಸ್ಲೈಡ್ ಹಾಕಿದ ದಿನವೇ ಅಲುಗಾಡುತ್ತೆ, ಜೆಟ್ಟಿನ ಮೇಲಿರೋ ನಂಬರಿಗೂ ಒಳಗಿರೋ ತೂತಿಗೂ ಸಂಬಂಧ ಇಲ್ಲ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಈಗ ಬಂದಿರೋ ಹೊಸ ಯೆಜ್ಡಿಗಳು ಇಂಜೆಕ್ಷನ್ ಗಾಡಿಗಳು, ಅವುಗಳಿಂದ ನಮಗೆ ಒಂದು ಸ್ಕ್ರೂ ಕೂಡ ಸಿಗಲ್ಲ. ಇರೋ ಒರಿಜಿನಲ್ ಅಷ್ಟೇ, ಹೋದರೆ ಹೋಯಿತು.

ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಸವಾರರು ಸೇರೋ ಜಾವಾ ದಿನಕ್ಕೆ ಗಾಡಿ ಹೊರಗೆ ತೆಗೀಬೇಕು. ಸೀಲ್ ಹೊಸದು, ಪಾಯಿಂಟ್ ಸೆಟ್ ಆಗಿದೆ, ಕಾರ್ಬ್ ಮಾತ್ರ ಪರದೇಸಿ. ಯಾರ ಹತ್ತಿರಾದರೂ ಯೆಜ್ಡಿ 250ರ ಜಿಕೋವ್ ಬಾಡಿ ಇದ್ದರೆ ಹೇಳಿ. ಫ್ಲಾಂಜ್ ಬಾಗಿದ್ದರೂ ಪರವಾಗಿಲ್ಲ, ಸ್ಲೈಡ್ ಸವೆದಿದ್ದರೂ ಸರಿ, ಥ್ರೆಡ್ ಹೋಗಿರಬಾರದು ಅಷ್ಟೇ. ನ್ಯಾಯವಾದ ಬೆಲೆ ಕೊಡುತ್ತೇನೆ, ನಾನೇ ಬಂದು ತಗೊಳ್ಳುತ್ತೇನೆ. "ಬೇರೆ ಕಾರ್ಬ್ ಹಾಕಿಸಿಬಿಡಿ, ಸೂಪರ್ ಪಿಕಪ್" ಅನ್ನೋರು ದಯವಿಟ್ಟು ಫೋನ್ ಮಾಡಬೇಡಿ.