ಕ್ಯೂಆರ್ ಕೋಡ್ ಅಂಟಿಸಿಕೊಂಡ ತಪ್ಪಿಗೆ

ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಕಳಿಸಿದರಲ್ಲ, ಅದೆಲ್ಲ ಸುಖಾಂತ್ಯವಾಯಿತಂತೆ. ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಜುಲೈ 23ರಂದು ಅಂಗಡಿಯವರನ್ನು ಕರೆಸಿ ಮಾತಾಡಿದರು. ನೋಟಿಸ್ ವಿರೋಧಿಸಿ ಅಂಗಡಿಯವರು ಕರೆದಿದ್ದ 25ರ ಬಂದ್ ವಾಪಸ್ ಆಯಿತು. ಹಾಲು, ಹಣ್ಣು, ತರಕಾರಿಗೆ ತೆರಿಗೆ ಕೇಳುವುದಿಲ್ಲ, ಹಳೇ ಬಾಕಿಗೆ ಕೈ ಹಾಕುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಿ ಅಂದರು. ನೋಟಿಸ್ ಬಂದ ಮಾತ್ರಕ್ಕೆ ದುಡ್ಡು ಕಟ್ಟಲೇಬೇಕು ಅಂತೇನಿಲ್ಲ, ದಾಖಲೆ ತಂದು ವಿವರಣೆ ಕೊಡಿ ಅಂತ ವಾಣಿಜ್ಯ ತೆರಿಗೆ ಇಲಾಖೆ ಮೊದಲೇ ಸಮಾಧಾನ ಹೇಳಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಹೋಗಿತ್ತಲ್ಲ, ಅವರಿಗೂ ಇದೇ ಸಮಾಧಾನ. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನೋದು ನೋಟಿಸ್ ಟೈಪ್ ಮಾಡಿದ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಪಾಪ, ಅದು ತರಕಾರಿ ತಿನ್ನಲ್ಲ.

ನಾನಂತೂ ಇಲಾಖೆಯನ್ನು ಮೆಚ್ಚಿಕೊಂಡೆ. ಒಬ್ಬ ಅಧಿಕಾರಿಯೂ ಕುರ್ಚಿ ಬಿಟ್ಟು ಏಳದೆ, ಬೀದಿ ಬೀದಿಯ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯ ನಾಲ್ಕು ವರ್ಷದ ಲೆಕ್ಕ ತೆಗೆದರು. ಯುಪಿಐ ಕಂಪನಿಗಳಿಂದ ಪಟ್ಟಿ ತರಿಸಿಕೊಂಡರು, 2021-22ರಿಂದ ಕೂಡಿಸಿದರು, ಕಳಿಸಿದರು. ಬೆಂಗಳೂರಿನ ರಸ್ತೆ ಗುಂಡಿಗಳಿಗೂ ಒಂದೊಂದು ಕ್ಯೂಆರ್ ಕೋಡ್ ಅಂಟಿಸಿದರೆ ಹೇಗೆ? ನಾಲ್ಕು ವರ್ಷದಿಂದ ಎಲ್ಲಿವೆ, ಎಷ್ಟು ಆಳ ಅಂತ ಸಂಜೆಯೊಳಗೆ ಪಟ್ಟಿ ಸಿಗಬಹುದು.

ನಮ್ಮ ಬೀದಿ ಟೀ ಅಂಗಡಿಯಲ್ಲಿ ಆಗ ಕ್ಯೂಆರ್ ಸ್ಟಿಕ್ಕರ್ ಮೇಲೆ ಶಾಂಪೂ ಸ್ಯಾಚೆಯ ಸರ ಇಳಿಬಿಟ್ಟಿದ್ದರು. ಪಕ್ಕದಲ್ಲಿ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’. ಹತ್ತು ರೂಪಾಯಿ ಬಂದರೂ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಸೌಂಡ್ ಬಾಕ್ಸ್ ಬಿಸ್ಕತ್ತಿನ ಡಬ್ಬದ ಹಿಂದೆ ಬಾಯಿ ಮುಚ್ಚಿಕೊಂಡು ಕೂತಿತ್ತು.

"ಸರ್, ಈ ನೋಟಿಸ್ ಲೆಕ್ಕದಲ್ಲಿ ನಮ್ಮ ಭಾವಮೈದ ಕಳಿಸಿದ ಸಾಲಾನೂ ಸೇರ್ಕೊಂಡಿದೆ, ಚೀಟಿ ದುಡ್ಡೂ ಸೇರ್ಕೊಂಡಿದೆ. ಅದನ್ನೂ ಟೀ ಮಾರಿದ್ದು ಅಂತಾರೆ" ಅಂದರು ಅಂಗಡಿಯವರು.

ಇವರಿಗೆ ಈ ಯುಪಿಐ ಚಟ ಹತ್ತಿಸಿದ್ದು ಯಾರು? 2016ರ ನವೆಂಬರ್‌ನಲ್ಲಿ ಮನೇಲಿ ನೋಟು ಇಟ್ಟುಕೊಂಡವನು ಕಳ್ಳ. ಡಿಜಿಟಲ್ ಆಗಿ, ದೇಶ ಕಟ್ಟಿ ಅಂದರು. ಸರಿ ಅಂತ ಸ್ಟಿಕ್ಕರ್ ಅಂಟಿಸಿಕೊಂಡರು. ತಳ್ಳುಗಾಡಿಯ ಎಳನೀರಿನವರ ಫೋಟೋ ತೆಗೆದು ಪ್ರಪಂಚಕ್ಕೆಲ್ಲ ತೋರಿಸಿ ಬೀಗಿದ್ದೂ ಆಯಿತು. ಆಮೇಲೆ ಆ ಸ್ಟಿಕ್ಕರೇ ಸಾಕ್ಷಿ.

ನಿಯಮ ನಿಯಮವೇ, ಒಪ್ಪೋಣ. ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಅಂಗಡಿಯಲ್ಲೇ ಟೀ ಕೊಟ್ಟರೆ ಅದು ಸೇವೆ. ಕೂತು ಲೆಕ್ಕ ಹಾಕಿದೆ. 15 ರೂಪಾಯಿಯ ಟೀ, ದಿನಕ್ಕೆ 365 ಕಪ್, ವರ್ಷಕ್ಕೆ 365 ದಿನ. ಒಟ್ಟು 19,98,375 ರೂಪಾಯಿ. ಬಚಾವ್! ದಿನಕ್ಕೆ 366 ಕಪ್ ಮಾರಿದರೆ 20,03,850. ಸಿಕ್ಕಿಬಿದ್ದ! ಆದ್ದರಿಂದ 366ನೇ ಗಿರಾಕಿ ಬಂದರೆ ಒಲೆ ಆರಿಸಿ ಓಡಬೇಕು. ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಹುಡುಗನ ಸಂಬಳ, ಬೀಟಿನವರ ಮಾಮೂಲು ಎಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತೆ ಅನ್ನೋದು ಈ ಲೆಕ್ಕಕ್ಕೆ ಬೇಡ. ವಹಿವಾಟೇ ಐಶ್ವರ್ಯ. ಸಿಗರೇಟು ಇಟ್ಟವನಂತೂ ಕಾಗದದ ಮೇಲೆ ಕುಬೇರ. ಅದರ ತೆರಿಗೆ ಪ್ಯಾಕಿನ ಬೆಲೆಯಲ್ಲೇ ಬಂದಿರುತ್ತೆ, ಅದೂ ಬೇಡ.

ಬೇಕರಿ ಅಂದಾಗ ಬನ್ನು ನೆನಪಾಯಿತು. ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು 2024ರಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೆದುರೇ ಕೇಳಿದರು: ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮ್ ಹಾಕಿದರೆ 18 ಪರ್ಸೆಂಟ್. ಗಿರಾಕಿ ಬನ್ ಬೇರೆ ಕೊಡಿ, ಕ್ರೀಮ್ ಬೇರೆ ಕೊಡಿ, ನಾನೇ ಹಚ್ಕೋತೀನಿ ಅಂತಾನೆ ಅಂದರು. ಸಭೆ ನಕ್ಕಿತು. ಆಮೇಲೆ ಅವರು ಕೈಮುಗಿದು ಕ್ಷಮೆ ಕೇಳುವ ವಿಡಿಯೋ ಹೊರಬಂತು. ಆ ನಗೆಗೆ ಎಷ್ಟು ಪರ್ಸೆಂಟ್ ಅಂತ ಗೊತ್ತಾಯಿತಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ಜಿಎಸ್‌ಟಿ ಮಂಡಳಿ ಕೂತು ಪಾಪ್‌ಕಾರ್ನ್ ಬಿಡಿಸಿತು. ಉಪ್ಪು ಹಾಕಿದ ಬಿಡಿ ಪಾಪ್‌ಕಾರ್ನ್‌ಗೆ 5, ಪ್ಯಾಕೆಟ್ಟಿನದಕ್ಕೆ 12, ಕ್ಯಾರಮೆಲ್ ಆದರೆ 18 ಅಂದಿತು. ನಮ್ಮವರೇನು ಕಮ್ಮಿಯಲ್ಲ. ಯಾವುದಕ್ಕೆ ಎಷ್ಟು ಜಿಎಸ್‌ಟಿ ಅಂತ ಕೇಳಿದವರಿಗೆ ಮೊದಲೇ ಹೇಳುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲೇ ಪರೋಟ ರೊಟ್ಟಿಯಲ್ಲ, 18 ಪರ್ಸೆಂಟ್ ಕಟ್ಟಬೇಕು ಅಂತ ತೀರ್ಪು ಕೊಟ್ಟಿತ್ತು. ತಿನ್ನುವ ಮೊದಲು ಬಿಸಿ ಮಾಡಬೇಕಂತೆ, ಅದಕ್ಕೆ. ನಮ್ಮ ಮನೇಲಿ ರಾತ್ರಿಯ ಸಾರನ್ನೂ ಬಿಸಿ ಮಾಡ್ತೀವಿ, ಯಾರಿಗೂ ಹೇಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಪರೋಟ, ರೊಟ್ಟಿ ಎರಡಕ್ಕೂ ಸೊನ್ನೆ. ಐದು ವರ್ಷ ಪರೋಟ ಯಾವ ತಪ್ಪಿಗೆ ಶಿಕ್ಷೆ ಅನುಭವಿಸಿತೋ. ಇಷ್ಟೆಲ್ಲ ಆದರೂ ಗಲಾಟೆಯಿಲ್ಲದೆ ತಣ್ಣಗೆ ಇರುವ ವಸ್ತು ಒಂದಿದೆ: ಪಾಲಿಶ್ ಮಾಡದ ವಜ್ರ. ಅದಕ್ಕೆ 0.25 ಪರ್ಸೆಂಟ್. ಉಪ್ಪು ಹಾಕಿದರೂ ಅಷ್ಟೇ ಇರಬಹುದು.

ಎಲ್ಲಿದ್ದೆ? ಹಾಂ, ನೋಟಿಸ್. ಗಲಾಟೆ ಎದ್ದಾಗ ರಾಜ್ಯದವರು ಜಿಎಸ್‌ಟಿ ತಂದದ್ದು ಕೇಂದ್ರ ಅಂದರು. ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ನೋಟಿಸ್ ಕೊಟ್ಟದ್ದು ರಾಜ್ಯ ಅಂದರು. ಇಬ್ಬರೂ ಹೇಳಿದ್ದು ನಿಜ. ನಡುವೆ ಅಂಗಡಿಯವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಹಾಲು ಮಾರದೆ, ಬ್ಲ್ಯಾಕ್ ಟೀ ಮಾರಿದರು.

ದೊಡ್ಡವರ ಲೆಕ್ಕ ಹೇಗಿದೆ ಅಂತ ನಾನು ಬೇರೆ ಹಾಳೆಗಳನ್ನು ತಿರುವಿ ನೋಡಿದೆ. 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಸಂಪತ್ತು ತೆರಿಗೆಯನ್ನೇ ಎತ್ತಿಹಾಕಿದರು. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ಅಷ್ಟೇ, ವಸೂಲಿಯ ಖರ್ಚೇ ಜಾಸ್ತಿ ಅಂದರು. ಅದರ ಬದಲು ಕೋಟಿ ದಾಟಿದ ಆದಾಯಕ್ಕೆ 2 ಪರ್ಸೆಂಟ್ ಹೆಚ್ಚುವರಿ ಸರ್‌ಚಾರ್ಜ್ ಬಂತು. ಅಂದರೆ ಶ್ರೀಮಂತರ ಆಸ್ತಿ ಹುಡುಕೋದು ತ್ರಾಸು. ಅವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿಕೊಂಡಿರಲ್ಲವಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿದರು. ಸರ್ಕಾರವೇ ಹೇಳಿದ ಹಾಗೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ. ಇದಕ್ಕೆ ಯಾರೂ ಬಿಟ್ಟಿ ಭಾಗ್ಯ ಅನ್ನಲಿಲ್ಲ, ಪ್ರೋತ್ಸಾಹ ಅಂದರು. ಬ್ಯಾಂಕುಗಳು 2014-15ರಿಂದ ಹತ್ತು ವರ್ಷದಲ್ಲಿ 16.35 ಲಕ್ಷ ಕೋಟಿ ಸಾಲವನ್ನು ಪುಸ್ತಕದಿಂದ ತೆಗೆದವು. ಅರ್ಧಕ್ಕಿಂತ ಜಾಸ್ತಿ ದೊಡ್ಡ ಕೈಗಾರಿಕೆ, ದೊಡ್ಡ ಕಂಪನಿಗಳದ್ದು. ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತೆ ಅಂತ ಸಂಸತ್ತಿನಲ್ಲಿ ಹೇಳುತ್ತಾರೆ. ಅಳಿಯ ಅಲ್ಲ, ಮಗಳ ಗಂಡ.

ಅಂಕಿ ಸಾಕು. ಕೋಟಿ ವ್ಯಾಪಾರ ಮಾಡುವವನು ತೆರಿಗೆ ಕಟ್ಟಬೇಡವಾ ಅಂತ ಫೇಸ್‌ಬುಕ್‌ನಲ್ಲಿ ಕೇಳುವವರು ಇದ್ದಾರೆ. ಕಟ್ಟಲಿ. ಯಾರು ಬೇಡ ಅಂದರು? ಮೊದಲ ವರ್ಷವೇ ಬಂದು, ಹೀಗೆ ನಿಯಮ, ಸಣ್ಣವರಿಗೆ ಕಾಂಪೊಸಿಷನ್ ಸ್ಕೀಮ್ ಅಂತ ಒಂದಿದೆ, ಸರಕು ಮಾರುವವರು ವಹಿವಾಟಿನ ಒಂದು ಪರ್ಸೆಂಟ್, ಟೀ-ತಿಂಡಿಯವರು ಐದು ಪರ್ಸೆಂಟ್ ಕಟ್ಟಿದರೆ ಮುಗಿಯುತ್ತೆ ಅಂತ ಹೇಳಿದ್ದರೆ ಎಷ್ಟೋ ಜನ ಕಟ್ಟುತ್ತಿದ್ದರು. ನಾಲ್ಕು ವರ್ಷ ಸುಮ್ನೆ ನೋಡುತ್ತಾ ಇದ್ದು, ಬಡ್ಡಿ, ದಂಡ ಬೆಳೆಸಿ, ಆಮೇಲೆ ಬೆಳಗಿನ ನಾಲ್ಕಕ್ಕೆ ಎದ್ದು ಹಾಲು ಇಳಿಸಿಕೊಳ್ಳುವವನ ಕೈಗೆ ಲಕ್ಷಗಳ ಕಾಗದ ಕೊಟ್ಟರೆ ಅವನು ನಿದ್ದೆ ಮಾಡೋದು ಹೇಗೆ? ಅವನೂ ಸೋಪಿಗೆ, ಎಣ್ಣೆಗೆ, ಮೊಬೈಲ್ ರೀಚಾರ್ಜಿಗೆ ದಿನಾ ತೆರಿಗೆ ಕಟ್ಟುತ್ತಲೇ ಇದ್ದಾನೆ. ಅದು ಮಾತ್ರ ಯಾರ ಪಟ್ಟಿಗೂ ಬರಲ್ಲ.

ನಮ್ಮ ಟೀ ಅಂಗಡಿಯವರಿಗೆ ಒಂದು ಉಪಾಯ ಹೇಳಿದೆ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ ಆಯಿತಲ್ಲ, ಇನ್ನೊಂದು ಸಲ ಮಾಡಿದಾಗ ಕೋಟು ಹಾಕಿಕೊಂಡು ಹೋಗಿ. ಟೀ ಅಂಗಡಿ ಅನ್ನಬೇಡಿ, ‘ಬಿಸಿ ಪಾನೀಯ ಉತ್ಪಾದನಾ ಘಟಕ’ ಅನ್ನಿ. ಇಬ್ಬರಿಗೆ ಉದ್ಯೋಗ ಸೃಷ್ಟಿಸ್ತೀನಿ ಅಂತ ಒಪ್ಪಂದಕ್ಕೆ ಸಹಿ ಹಾಕಿ. ಜಾಗ, ಸಬ್ಸಿಡಿ, ಮುದ್ರಾಂಕ ಶುಲ್ಕ ವಿನಾಯಿತಿ, ಶಾಲು, ಹಾರ ಎಲ್ಲ ಸಿಗುತ್ತೆ.

ಅವರು ಟೀ ಸೋಸುತ್ತಲೇ ಕೇಳಿಸಿಕೊಂಡರು.

"ಸಬ್ಸಿಡಿ ಇರ್ಲಿ ಸರ್, ಐನೂರರ ನೋಟು ಕೊಟ್ರೆ ಹೇಗೆ? ಹದಿನೈದು ರೂಪಾಯಿ ಚಿಲ್ರೆ ಕೊಡಿ."